ತಾಂಡೂರಿನ ಫಿಯಟ್ ಬಿಡುವ ಹೊಗೆ

ಭಾನುವಾರ, 10 ನವೆಂಬರ್ 2024

ಬಟ್ಟೆ ಒಣಹಾಕುತ್ತಿದ್ದೆ. ಸಂಜೀವಕುಮಾರರ ಫಿಯಟ್ ಬಂತು. ಕಾರಿಗಿಂತ ಮೊದಲು ವಾಸನೆ — ಸುಟ್ಟ ಆಯಿಲ್. ಹಿಂದೆ ನೀಲಿ ಹೊಗೆ. ಸೀರೆ ಮತ್ತೆ ಒಗೆಯಬೇಕು. ಸಿಟ್ಟು ಬರಲಿಲ್ಲ.

ನಾರಾಯಣಖೇಡದಲ್ಲಿ ಅಕ್ಕನ ಮಗಳ ಲಗ್ನದಲ್ಲಿ ಪರಿಚಯವಾದವರು. ನನ್ನ ಹಾಗೆ ಅವರೂ ಒಂಟಿ. ತಾಂಡೂರಿನಲ್ಲಿ ಕಲ್ಲಿನ ವ್ಯಾಪಾರ. ಹೊಸ ಗಾಡಿ ಇದೆ. ಆದರೂ ಇಲ್ಲಿಗೆ, ನಮ್ಮ ಜಹೀರಾಬಾದಿಗೆ, ಬರುವುದು ತಮ್ಮ ಅಪ್ಪನ ಈ ಹಳೆ ಕಾರಿನಲ್ಲೇ.

ಚಹಾ ಕಪ್ ಕೆಳಗಿಟ್ಟು ಕೇಳಿಯೇಬಿಟ್ಟರು. "ಪ್ರೇಮಲಾ ಅವ್ರೆ, ಉಳಿದ ದಿನ ಕೂಡಿ ಇರಾಮೇನ್ರಿ? ಲಗ್ನ ಮಾಡ್ಕೊಂಡು."

ಈ ವಯಸ್ಸಿನಲ್ಲೂ ಕಿವಿ ಬಿಸಿಯಾಗುತ್ತದೆ! ಮಗ ಕಿರಣನನ್ನು ಕೇಳಬೇಕು ಎಂದೆ.

ಸೋಮವಾರ, 11 ನವೆಂಬರ್

ಕಿರಣ ಫ್ಯಾಕ್ಟರಿಯಿಂದ ಬಂದ ಮೇಲೆ ಹೇಳಿದೆ. ದಿನವಿಡೀ ಟ್ರ್ಯಾಕ್ಟರ್ ಎಂಜಿನ್ ಜೋಡಿಸಿ ದಣಿದಿದ್ದ. ತಪ್ಪು ಹೊತ್ತು ಆರಿಸಿಕೊಂಡೆನೋ ಏನೋ.

"ನಿನ್ನ ಇಷ್ಟ, ಅವ್ವ."

ಅಷ್ಟೇ. ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದ.

ಭಾನುವಾರ, 1 ಡಿಸೆಂಬರ್

ಬರೆಯಲು ಮನಸ್ಸಾಗಲಿಲ್ಲ. ಕಿರಣ ಮಾತಾಡುತ್ತಾನೆ — ತರಕಾರಿ, ಗ್ಯಾಸ್ ಸಿಲಿಂಡರ್, ಕರೆಂಟ್. ಲಗ್ನದ ವಿಷಯ ಮಾತ್ರ ಇಲ್ಲ.

ಸಂಜೀವಕುಮಾರರಿಗೆ ಫೋನ್ ಮಾಡಿ ಇನ್ನು ಬರಬೇಡಿ ಎಂದೆ. "ಆಗ್ಲಿರಿ" ಎಂದರು. ಯಾಕೆ ಅಂತ ಕೇಳಲಿಲ್ಲ. ಕೇಳಬಾರದಿತ್ತೇ...

ಭಾನುವಾರ, 22 ಡಿಸೆಂಬರ್

ಬೆಳಿಗ್ಗೆ ಅವರ ಫೋನ್. ನಮ್ಮೂರ ಹತ್ತಿರದ ಝರಾಸಂಗಂ ದೇವರ ದರ್ಶನಕ್ಕೆ ಬಂದವರು, ದಾರಿಯಲ್ಲಿ ಕಾರು ನಿಂತಿದೆ. ಒಳಗೆಲ್ಲ ಹೊಗೆ, ಕೆಳಗೆಲ್ಲ ಆಯಿಲ್. ಮಾತಿನ ನಡುವೆ ಕೆಮ್ಮು. "ಈ ಕಡಿ ನನಗ ಬ್ಯಾರೆ ಯಾರೂ ಗೊತ್ತಿಲ್ರಿ."

ಕಿರಣನಿಗೆ ಹೇಳಿದೆ. ಸ್ಪ್ಯಾನರ್, ಪಾನಾಗಳ ಚೀಲ ತೆಗೆದುಕೊಂಡ. "ನೀನೂ ಬಾ."

ರಸ್ತೆ ಪಕ್ಕ ಮೂಗಿಗೆ ಕರ್ಚೀಫ್ ಹಿಡಿದು ನಿಂತಿದ್ದರು. "ಎಂಜಿನ್ ಮುಗೀತು, ಗುಜರಿಗಿ ಹಾಕು ಅಂತಾರ್ರಿ ಎಲ್ಲರೂ."

ಕಿರಣ ಬಾನೆಟ್ ಎತ್ತಿ ಒಂದು ಪೈಪ್ ಬಿಚ್ಚಿದ. ಊದಿದ. ಗಾಳಿ ದಾಟಲಿಲ್ಲ. ಒಳಗೆ ಕಾಡಿಗೆಯಂಥ ಜಿಡ್ಡು.

"ಬ್ರೀದರ್ ಪೈಪ್ ಕಟ್ಟ್ಯಾದ. ಪಿಸ್ಟನ್ ಬಾಜೂಲೆ ಸೋರಿದ ಹೊಗಿ ಇದರಾಗಿಂದ ಹೊರಗ ಹೋಗ್ಬೇಕು. ದಾರಿ ಇಲ್ಲಂದ್ರ ಒಳಗ ಒತ್ತಡ ಏರಿ, ಸಂದಿ ಸಿಕ್ಕಲ್ಲಿ ಆಯಿಲ್ ಉಗುಳ್ತದ."

"ಅಂದ್ರ ಎಂಜಿನ್ ಸತ್ತಿಲ್ಲ?"

"ಪಿಸ್ಟನ್ ರಿಂಗ್ ಸವದಾವ. ಸತ್ತಿಲ್ಲ."

ಹೊಲದವರೊಬ್ಬರು ಡೀಸೆಲ್ ಕೊಟ್ಟರು. ಇಬ್ಬರೂ ಕುಕ್ಕರಗಾಲಲ್ಲಿ ಕುಳಿತು ಪೈಪ್ ತೊಳೆದರು. ನಾನು ಬೇವಿನ ನೆರಳಲ್ಲಿ. ಕಿರಣ ತಲೆ ಎತ್ತದೆ ಕೇಳಿದ:

"ಅವ್ವ ಬರಬ್ಯಾಡ ಅಂದಾಗ ಯಾಕಂತ ಕೇಳ್ಲಿಲ್ಲ?"

"ಕೇಳಿದ್ರ ಅವರು ನಿಮ್ಮ ಹೆಸ್ರು ಹೇಳ್ಬೇಕಾಗ್ತಿತ್ತು. ತಾಯಿ ಬಾಯಿಲೆ ಮಗನ ಮ್ಯಾಲ ದೂರು ಹೇಳಿಸಬಾರದು."

ಕಿರಣನ ಕೈ ನಿಂತಿತು. ಆಮೇಲೆ ಪೈಪನ್ನು ಇನ್ನೊಮ್ಮೆ ಊದಿದ. ಗಾಳಿ ದಾಟಿತು.

ಆಯಿಲ್ ತಂದು ಹಾಕಿ ಸ್ಟಾರ್ಟ್ ಮಾಡಿದರು. ಹೊಗೆ ಇತ್ತು, ಕಡಿಮೆ. "ಮುಂದಿನ ಐತವಾರ ಗಾಡಿ ನಮ್ಮನಿಗಿ ತರ್ರಿ. ರಿಂಗ್ ಬದ್ಲಿ ಮಾಡಾಮು."

'ನಮ್ಮನಿಗಿ' ಅಂದ ಕಿರಣ!

ಭಾನುವಾರ, 5 ಜನವರಿ 2025

ಹೋದ ಭಾನುವಾರದಿಂದ ಅಂಗಳದಲ್ಲಿ ಎಂಜಿನ್ ಬಿಚ್ಚಿಟ್ಟಿದ್ದಾರೆ. ಸಂಜೀವಕುಮಾರರು ಮೂಗಿಗೂ ಗ್ರೀಸ್ ಹಚ್ಚಿಕೊಂಡು ಚಹಾ ಕೇಳಲು ಬಂದರು. ನಗು ತಡೆಯಲಾಗಲಿಲ್ಲ.

ಅವರು ಹೋದ ಮೇಲೆ ಕಿರಣ ಅಡುಗೆಮನೆ ಬಾಗಿಲಲ್ಲಿ ನಿಂತ.

"ಅಪ್ಪ ಹೋದಾಗಿಂದ ನೀ ಹಿಂಗ ನಕ್ಕಿದ್ದು ಕೇಳಿರ್ಲಿಲ್ಲ." ಆಮೇಲೆ, "ಅಪ್ಪನ್ನ ಮರೀತಿ ಅಂತ ಅಂಜಿಕಿ ಇತ್ತವ್ವ."

"ಹ್ಯಾಂಗ ಮರೀಲೋ?" ಎಂದೆ. ಅವನ ತಲೆ ಸವರಿದೆ. ಸಣ್ಣವನಿದ್ದಾಗಿನಂತೆ ಬಗ್ಗಿ ನಿಂತಿದ್ದ.

ಭಾನುವಾರ, 2 ಫೆಬ್ರವರಿ, ಬೆಳಿಗ್ಗೆ

ಇವತ್ತು ತಾಂಡೂರು. ಅವರ ಮನೆ ನೋಡಲು, ಲಗ್ನದ ದಿನ ಗೊತ್ತು ಮಾಡಲು. ಹಸಿರು ಸೀರೆಯೋ, ನೇರಳೆಯೋ — ನೇರಳೆಯೇ ಉಟ್ಟೆ.

ಕಿಟಕಿಯಿಂದ ನೋಡಿದೆ. ಕಿರಣ ಆಗಲೇ ಫಿಯಟ್‌ನ ಹಿಂದಿನ ಸೀಟಿನಲ್ಲಿ ಮಡಚಿಕೊಂಡು ಕೂತಿದ್ದಾನೆ, ಅಷ್ಟುದ್ದದ ಹುಡುಗ. ಕೂಗುತ್ತಿದ್ದಾನೆ: "ಅವ್ವಾ, ಲಗೂ ಬಾ. ಮುಂದ ನೀ ಕೂಡು."

ಇವರು ಇಳಿದು ಬಾಗಿಲು ತೆರೆದು ನಿಂತಿದ್ದಾರೆ. ನಾನಿನ್ನು —