ಬೀಗಿತಿಗೆ ಒಂದು ಕಾಫಿ

ನಾಸಿಕ್,
೨ ಜನವರಿ ೨೦೨೫

ಪ್ರೀತಿಯ ನಿಶ್ಮಿತಾ,

ಅಮ್ಮ ಬರೆಯುತ್ತಿದ್ದೇನೆ. ನೀನು ಮೆಲ್ವಿನ್‌ನನ್ನು ಮದುವೆಯಾಗಿ ಹೋದ ಮೇಲೆ ಇದು ನನ್ನ ಮೊದಲ ಕಾಗದ. ನಾಲ್ಕು ವರ್ಷ ತಡವಾಯಿತು. ಕ್ಷಮಿಸು ಎಂದು ಕೇಳಲೂ ಮುಖವಿಲ್ಲ. ನಿನ್ನ ನಂಬರು ಮೊದಲಿನಿಂದಲೂ ಅಪ್ಪನ ಹತ್ತಿರ ಇತ್ತೆಂದು ಮೊನ್ನೆ ಗೊತ್ತಾಯಿತು. ಆದರೆ ಇದನ್ನು ಫೋನಿನಲ್ಲಿ ಹೇಳಲು ನನ್ನಿಂದಾಗದು.

ಇಲ್ಲಿ ಎಲ್ಲರೂ ಆರಾಮ. ಅಪ್ಪನ ಮೊಣಕಾಲು ನೋವು ಹಾಗೆಯೇ ಇದೆ, ಆದರೂ ಬೆಳಿಗ್ಗೆ ಹೋಟೆಲಿನ ಬಾಗಿಲು ಅವರೇ ತೆಗೆಯಬೇಕು. ನಿನ್ನ ತಮ್ಮ ಯತಿರಾಜನಿಗೆ ಹುಡುಗಿ ಗೊತ್ತಾಗಿದ್ದಾಳೆ. ಹೆಸರು ಪ್ರಜ್ಞಾ. ಸಂಭಾಜಿನಗರದಲ್ಲಿ ಅವರದ್ದೂ ಹೋಟೆಲು, ಮೂಲ ಕಾರ್ಕಳದ ಕಡೆ.

ನಿನ್ನ ಅತ್ತೆ ಶಿಮ್ಲಾದ ನಿಮ್ಮ ಮನೆಯಿಂದ ಊರಿಗೆ ಹೋಗುವ ದಾರಿಯಲ್ಲಿ ಕ್ರಿಸ್ಮಸ್‌ಗೆ ಇಲ್ಲಿ ಇಳಿದದ್ದು ನಿನಗೆ ಗೊತ್ತಿರಬೇಕು. ನಡೆದದ್ದನ್ನು ಅವರು ಹೇಳಿರಲಿಕ್ಕಿಲ್ಲ. ಅಂಥವರಲ್ಲ ಎಂದು ಒಂದೇ ದಿನದಲ್ಲಿ ತಿಳಿದುಕೊಂಡೆ. ಹಾಗಾಗಿ ನಾನೇ ಹೇಳಬೇಕು.

ಪ್ರಜ್ಞಾಳ ಮನೆಯವರು ಬಂದದ್ದೂ ಕ್ರಿಸ್ಮಸ್ ದಿನವೇ, ರಜೆಯೆಂದು. ನಮ್ಮ ಹೋಟೆಲು ನೋಡಲಿ ಎಂದು ಕೆಳಗಿನ ಫ್ಯಾಮಿಲಿ ರೂಮಿನಲ್ಲೇ ಕೂರಿಸಿದ್ದೆವು. ಹನ್ನೊಂದರ ಹೊತ್ತಿಗೆ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತರು. ತೋಳಿನ ಮೇಲೆ ಉಣ್ಣೆಯ ಸ್ವೆಟರು, ಕೈಯಲ್ಲಿ ಚೀಲ, ಹಣೆಯಲ್ಲಿ ಬೆವರು.

"ಅನಸೂಯಮ್ಮ ಅಲ್ವಾ? ನಾನು ಸೆವ್ರಿನ್ ಬಾಯಿ. ನಾಸಿಕ್‌ ರೋಡಿನ ಇಗರ್ಜಿಯಲ್ಲಿ ಪೂಜೆ ಮುಗಿಸಿ ಸೀದಾ ಬಂದೆ. ಫೋನ್ ಮಾಡಿದ್ರೆ ನೀವು ಬೇಡ ಅಂತೀರೋ ಏನೋ ಅಂತ... ಶಿಮ್ಲಾದಲ್ಲಿ ಮೂರು ಕ್ರಿಸ್ಮಸ್ ಚಳಿಯಲ್ಲೇ ಹೋಯ್ತು ಮಾರಾಯ್ರೆ. ಇಲ್ಲಿ ಬಿಸಿಲು ನೋಡಿ, ನಮ್ಮ ಊರಿನ ಹಾಗೇ ಉಂಟು!"

ಅಷ್ಟು ಖುಷಿಯಲ್ಲಿದ್ದರು. ನಾನು ಎದ್ದು ಅಡ್ಡ ಹೋಗಿ ನಿಂತೆ.

"ತಿಂಡಿಗಾದರೆ ಅಲ್ಲಿ ಕೂತುಕೊಳ್ಳಿ," ಎಂದು ಮೂಲೆಯ ಮೇಜು ತೋರಿಸಿದೆ.

"ಯಾರಕ್ಕಾ ಅವರು?" ಪ್ರಜ್ಞಾಳ ಅಮ್ಮ ಕೇಳಿದರು.

"ಗಿರಾಕಿ. ಊರ ಕಡೆಯವರು, ಟೂರಿಗೆ ಬಂದವರಿರಬೇಕು."

ನಿನ್ನ ಅತ್ತೆ ನನ್ನನ್ನು ನೋಡಿದರು, ಆಮೇಲೆ ರೇಷ್ಮೆ ಸೀರೆ ಉಟ್ಟು ಕೂತಿದ್ದ ಹುಡುಗಿಯನ್ನು. ಎಲ್ಲ ಅರ್ಥವಾಯಿತು ಅವರಿಗೆ. "ಹೌದು ಹೌದು," ಎಂದರು, "ಒಂದು ಕಾಫಿ ಸಿಕ್ಕಿದ್ರೆ ಸಾಕು."

ಅಪ್ಪ ಗಲ್ಲೆಯಿಂದ ಏಳುತ್ತಿದ್ದರು. ಕಣ್ಣಿನಲ್ಲೇ ತಡೆದೆ. ನಿನ್ನ ಮದುವೆ ಬೇಡವೆಂದು ಈ ಮನೆಯಲ್ಲಿ ಗಟ್ಟಿಯಾಗಿ ನಿಂತವಳು ನಾನೇ ಅಲ್ಲವೇ, ಅವರು ಯಾವತ್ತೂ ಅಲ್ಲ. ಆದರೆ ಸ್ವಲ್ಪ ಹೊತ್ತಿಗೆ ಅವರೇ ಕಾಫಿ ತೆಗೆದುಕೊಂಡು ಹೋಗಿ ಕೊಟ್ಟರು.

ನೆಂಟರು ಹೊರಟಾಗ ಎರಡೂವರೆ. ಅಷ್ಟು ಹೊತ್ತು ನಿನ್ನ ಅತ್ತೆ ತಮ್ಮ ಹಬ್ಬದ ದಿನ ಆ ಮೂಲೆಯಲ್ಲೇ ಕೂತಿದ್ದರು. ನಾನು ಹತ್ತಿರ ಹೋಗಿ, "ಮೇಲೆ ಮನೆಗೆ ಬನ್ನಿ, ಊಟ ಮಾಡುವ," ಎಂದೆ.

"ಇಲ್ಲಮ್ಮ, ಕಾನ್ವೆಂಟಿನ ಸಿಸ್ಟರ್‌ಗಳು ಕಾಯ್ತಾ ಇರ್ತಾರೆ. ನಾಳೆಯ ಟ್ರೈನಿಗೆ ನನ್ನ ರಿಸರ್ವೇಶನ್. ಹುಡುಗಿ ಲಾಯ್ಕ ಇದ್ದಾಳೆ," ಎಂದು ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. "ನಮ್ಮ ಹಬ್ಬದ ತಿಂಡಿ, ಕುಸ್ವಾರ್. ನಿಮ್ಮ ಮಗಳೇ ಮಾಡಿದ್ದು."

ಅವರನ್ನು ಬಿಟ್ಟು ಬರಲು ಅಪ್ಪ ರಿಕ್ಷಾ ಹತ್ತಿದರು. ನಾನು ಡಬ್ಬಿ ತೆರೆದೆ. ಕರ್ಜಿಕಾಯಿಯ ಹಾಗೆ ಕರಿದ ನೆವ್ರಿಗಳ ಅಂಚು ಮಡಚಿದ ರೀತಿ ನಾನು ಚೌತಿಯ ಕಡುಬಿಗೆ ನಿನಗೆ ಕಲಿಸಿದ್ದು. ಒಂದನ್ನೂ ಬಾಯಿಗಿಡಲಾಗಲಿಲ್ಲ, ಮಗಾ.

ಭಾನುವಾರ ಮಾತುಕತೆಗೆ ಸಂಭಾಜಿನಗರಕ್ಕೆ ಹೋದೆವು. ಊಟದ ನಡುವೆ ಪ್ರಜ್ಞಾ ತಾನಾಗಿಯೇ ಕೇಳಿದಳು: "ಆಂಟಿ, ಆವತ್ತು ಆ ಅಜ್ಜಿ ಒಬ್ಬರೇ ಕೂತಿದ್ರಲ್ಲ, ಕ್ರಿಸ್ಮಸ್ ದಿನ? ಕೈ ತೊಳೆಯುವಾಗ ನಾನು ವಿಶ್ ಮಾಡಿದೆ. ತುಂಬ ಹೊತ್ತು ನನ್ನ ಕೈ ಬಿಡ್ಲೇ ಇಲ್ಲ."

ಯತಿರಾಜ ನನ್ನ ಮುಖ ನೋಡುತ್ತಿದ್ದ. ಎಲೆಯ ಮುಂದೆಯೇ ಎಲ್ಲ ಹೇಳಿಬಿಟ್ಟೆ. ಅವರು ಗಿರಾಕಿಯಲ್ಲ, ನನ್ನ ಬೀಗಿತಿ ಎಂದೆ. ನಿನ್ನ ಹೆಸರು ಹೇಳಿದೆ, ನಿನ್ನ ಗಂಡನ ಹೆಸರು ಹೇಳಿದೆ.

ಯಾರೂ ಎದ್ದು ಹೋಗಲಿಲ್ಲ. ಪ್ರಜ್ಞಾಳ ಅಪ್ಪ, "ನನ್ನ ತಂಗಿ ಪೈಠಣದ ಮರಾಠಿ ಹುಡುಗನನ್ನು ಮದುವೆಯಾಗಿ ಇಪ್ಪತ್ತು ವರ್ಷ ಆಯ್ತು. ಇದಕ್ಕೆಲ್ಲ ನಾವು ಸಂಬಂಧ ಬಿಡ್ತೇವಾ?" ಎಂದರು. ಅವಳಮ್ಮ ಮಾತ್ರ ನಿಧಾನಕ್ಕೆ, "ಅವರಿಗೆ ಊಟಕ್ಕೆ ನಮ್ಮ ಪಕ್ಕದಲ್ಲೇ ಒಂದು ಎಲೆ ಹಾಕಬಹುದಿತ್ತು," ಎಂದರು. ಅಲ್ಲಿಯವರೆಗೆ ಮಾತಿಗೊಮ್ಮೆ 'ಅನಸೂಯಕ್ಕ' ಎನ್ನುತ್ತಿದ್ದವರು ಆಮೇಲೆ ಹಾಗೆ ಕರೆಯಲಿಲ್ಲ.

ಮದುವೆ ಏಪ್ರಿಲ್‌ನಲ್ಲಿ. ಯಾವ ಭಯಕ್ಕೆ ಅಷ್ಟೆಲ್ಲ ಮಾಡಿದೆನೋ ಆ ಭಯವೇ ಸುಳ್ಳಾಗಿತ್ತು. ಅದು ನಿಜವಾಗಿದ್ದರೂ ನಾನು ಮಾಡಿದ್ದು ಸರಿಯಾಗುತ್ತಿರಲಿಲ್ಲ.

ನಿನ್ನ ಅತ್ತೆಗೆ ಬೇರೆ ಕಾಗದ ಬರೆದಿದ್ದೇನೆ. ನೀನು ಮೆಲ್ವಿನ್‌ನನ್ನು ಕರೆದುಕೊಂಡು ಮದುವೆಗೆ ಬಾ. ಬರಲು ಮನಸ್ಸಾಗದಿದ್ದರೆ ಬೈದು ಎರಡು ಸಾಲು ಬರೆ. ಚಳಿಯಲ್ಲಿ ಕಿವಿ ಮುಚ್ಚಿಕೊಂಡು ಓಡಾಡು. ನಿಮ್ಮಿಬ್ಬರ ಸಂಸಾರ ತಂಪಾಗಿರಲಿ, ದೇವರು ನಿಮ್ಮ ಕೈ ಬಿಡದಿರಲಿ.

ನಿನ್ನ ಅಮ್ಮ,
ಅನಸೂಯ

ತಾ.ಕ.: ಒಂದನ್ನು ಮೇಲೆ ಬರೆಯಲಾಗದೆ ಬಿಟ್ಟಿದ್ದೆ. ಕ್ರಿಸ್ಮಸ್ ದಿನ ಪ್ರಜ್ಞಾಳ ಅಮ್ಮ, "ನಿಮಗೆ ಯತಿರಾಜ ಒಬ್ಬನೇನಾ ಅಕ್ಕ?" ಎಂದು ಕೇಳಿದ್ದರು. "ಹೌದು, ಒಬ್ಬನೇ," ಎಂದೆ. ಗಟ್ಟಿಯಾಗಿಯೇ ಹೇಳಿದೆ. ಮೂಲೆಯ ಮೇಜಿಗೆ ಅದು ಕೇಳಿಸಿತು. ರಿಕ್ಷಾ ಹತ್ತುವ ಮೊದಲು ನಿನ್ನ ಅತ್ತೆ ನನ್ನ ಕಿವಿಯ ಹತ್ತಿರ ಬಂದು ಹೇಳಿದರು: "ನನ್ನನ್ನು ಯಾರು ಅಂತ ಹೇಳಿದ್ರೂ ಅಡ್ಡಿಯಿಲ್ಲ ಅನಸೂಯಮ್ಮ. ಆದ್ರೆ ಅವಳು ಇದ್ದಾಳೆ."