ಲೆಕ್ಕಕ್ಕಿಲ್ಲದ ದನಿ

ಸರ್ವೆ ಶೆಡ್ಡು,
ಮಂಗಳವಾರ, ತಾರೀಖು ಹದಿನಾಲ್ಕು, ಸಂಜೆ

ಪ್ರೀತಿಯ ತಮ್ಮಯ್ಯಾ,

ಇವತ್ತು ನಿನಗೊಂದು ಕಥೆ ಹೇಳಬೇಕು. ಇದನ್ನು ಮೊದಲು ಹೇಳಿದವಳು ನಮಗೆ ಚಹಾ ಕಾಯಿಸಿಕೊಡುವ ಅಜ್ಜಿ. ಹೇಳಿದ್ದು ಇವತ್ತೇ ಮಧ್ಯಾಹ್ನ. ಕೇಳಿದವರು ಮೂವರು: ಮೇಲ್ವಿಚಾರಕರು, ಕೈಗಾಡಿ ತಳ್ಳುವವನು, ನಾನು. ಅದಕ್ಕೂ ಮೊದಲು ಹೇಳು, ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಅಗೆಯುವ ಯಂತ್ರದ ಸೀಟಿಗೆ ದಿಂಬು ಹಾಕಿಕೋ ಅಂದರೆ ‘ಜೊತೆಯವರು ನಗ್ತಾರಕ್ಕಾ’ ಅನ್ನುತ್ತೀ. ನಗಲಿ ಬಿಡು, ಸೊಂಟ ಅವರದ್ದಲ್ಲವಲ್ಲ. ನಾಳೆ ಬುಧವಾರದಿಂದ ಒಂಟಿ ಮರದ ನೆರಳಲ್ಲೇ ಕೆಲಸ ಎಂದು ನೀನು ಬರೆದಿದ್ದೆ, ಓದಿ ಸಮಾಧಾನವಾಯಿತು. ಅಮ್ಮ ಚೆನ್ನಾಗಿದ್ದಾಳೆ. ಮಂಡಿ ಮಾತ್ರ ಹಾಗೇ ಇದೆ, ಶೆಡ್ಡಿನ ಹಿಂದಿನ ನಮ್ಮ ಮನೆಯಿಂದ ಬಾಗಿಲವರೆಗೆ ಬರುವುದೇ ಅವಳಿಗೊಂದು ಪ್ರಯಾಣ. ನಿನ್ನ ಕ್ಯಾಂಪಿನಲ್ಲಿ ಫೋನಿಗೆ ಸಿಗ್ನಲ್ ಸಿಗದೆ ಕಾಗದ ಬರೆದೂ ಬರೆದೂ ನನ್ನ ಅಕ್ಷರ ದುಂಡಗಾಗುತ್ತಿದೆ ಅನ್ನುತ್ತಾಳೆ ಅವಳು. ಇದನ್ನು ನಾಳೆ ಬೆಳಿಗ್ಗೆ ನೀರಿನ ಟ್ಯಾಂಕರಿನವನ ಕೈಲಿ ಕಳಿಸುತ್ತೇನೆ. ನೀನೋ, ‘ಅಕ್ಕನ ಕಾಗದ ಊಟದ ಜೊತೆಗೇ’ ಎಂದು ಜೇಬಿಗೆ ತುರುಕಿ ಮಧ್ಯಾಹ್ನದವರೆಗೆ ಬೆವರಲ್ಲಿ ನೆನೆಸುವವನು.

ಕಥೆಯ ರುಚಿ ಹತ್ತಬೇಕಾದರೆ ನಮ್ಮ ‘ಕಿವಿ’ಯ ಗುಣ ಗೊತ್ತಿರಬೇಕು. ಕೈಗಾಡಿಗೆ ಕಟ್ಟಿದ ಆ ಅಗಲ ತಟ್ಟೆಯನ್ನು ನೀನು ನೋಡಿದ್ದೀಯ. ಅದು ನೆಲದೊಳಕ್ಕೆ ರೇಡಿಯೋ ಅಲೆ ಕಳಿಸಿ, ಆಮೇಲೆ ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳುತ್ತದೆ. ಮೊಳೆ, ಡಬ್ಬಿ ಸಿಕ್ಕರೆ ಬೊಬ್ಬೆ ಹಾಕುವ ಯಂತ್ರ ಅಲ್ಲ ಇದು. ಗಣಿಯಲ್ಲಿ ಬಂಡೆ ಸೀಳುತ್ತಿದ್ದ ಆ ಮದ್ದಿನ ಪುಡಿ ಒಳಗಿದ್ದರೆ, ತಕ್ಕ ಅಲೆ ತಟ್ಟಿದಾಗ ತನ್ನದೇ ಸಣ್ಣ ದನಿಯಲ್ಲಿ ಓಗೊಡುತ್ತದೆ. ಇನ್ನಾವ ವಸ್ತುವಿಗೂ ಆ ದನಿಯಿಲ್ಲ. ಮಂದೆಯಲ್ಲಿ ಎಷ್ಟೇ ಹಸು ಕೂಗಲಿ, ಕರುವಿಗೆ ತಾಯಿಯ ಕೂಗು ಗೊತ್ತಾಗುವುದಿಲ್ಲವೇ, ಹಾಗೆ. ಮುಚ್ಚಿದ ಗಣಿಯ ನೆಲವನ್ನೆಲ್ಲ ಗೇಣು ಗೇಣಾಗಿ ಕೇಳಿಸಿಕೊಂಡು, ದನಿಯಿಲ್ಲದ ಕಡೆ ನಾನು ಬಿಳಿ ಬಾವುಟ ನೆಡುವುದು, ಹಿಂದೆಯೇ ನೀನು ನೀರಿನ ಪೈಪಿಗೆ ಕಾಲುವೆ ತೋಡುವುದು. ‘ಅಕ್ಕನ ಬಾವುಟ ಇದ್ರೆ ಕಣ್ಮುಚ್ಕೊಂಡು ಅಗೀತೀನಿ’ ಎಂದು ನೀನು ಎಲ್ಲರೆದುರು ಹೇಳಿದ ದಿನ ನನಗೆ ಎಷ್ಟು ಹೆಮ್ಮೆಯಾಗಿತ್ತು! ಎಂಟು ತಿಂಗಳಾಯಿತು, ಕಿವಿ ಒಮ್ಮೆಯೂ ಕೂಗಿಲ್ಲ. ಕೆಂಪು ಬಾವುಟಗಳ ಕಟ್ಟು ಇನ್ನೂ ಬಿಚ್ಚದೆ ಮೂಲೆಯಲ್ಲಿದೆ.

ಆದರೆ ಕಿವಿಗೆ ಗದ್ದಲವೂ ಕೇಳುತ್ತದೆ. ಕರೆಂಟಿನ ತಂತಿ, ಊರಿನ ರೇಡಿಯೋ, ಏನೇನೋ. ಅದಕ್ಕೆ ದಿನಾ ಬೆಳಿಗ್ಗೆ ‘ಕಿವಿ ತೊಳೆಯುವುದು’ ಎಂದು ಮಾಡುತ್ತೇವೆ. ಅಡಿಯಲ್ಲಿ ಏನೂ ಇಲ್ಲದ ಕಡೆ ಅದನ್ನು ನಿಲ್ಲಿಸಬೇಕು. ಅಲ್ಲಿ ಕೇಳಿದ್ದನ್ನೆಲ್ಲ ‘ಇದು ಲೆಕ್ಕಕ್ಕಿಲ್ಲ’ ಎಂದು ನೆನಪಿಟ್ಟುಕೊಂಡು, ದಿನವಿಡೀ ಕೇಳಿದ್ದರಲ್ಲಿ ಅದನ್ನು ಕಳೆದುಹಾಕುತ್ತಿರುತ್ತದೆ. ಬಯಲಿನಲ್ಲಿ ತೊಳೆಯಿರಿ, ಆಮೇಲೆ ಮಾದರಿ ಪೊಟ್ಟಣ ತೋರಿಸಿ ಕೂಗುತ್ತದೋ ನೋಡಿ ಎಂದು ಪುಸ್ತಕದಲ್ಲಿದೆ. ಪೊಟ್ಟಣ ಹೋದ ವರ್ಷವೇ ನೀರು ಬಿದ್ದು ಹಾಳಾಯಿತು, ಹೊಸದು ಬರಲಿಲ್ಲ. ಇನ್ನು ಬಯಲು, ಮೇಲ್ವಿಚಾರಕರಿಗೆ ಬಿಸಿಲೆಂದರೆ ಆಗದು. ಶೆಡ್ಡಿನೊಳಗೆ ನುಣ್ಣನೆ ಸಿಮೆಂಟು ನೆಲವಿದೆ, ನೆರಳಿದೆ. ಅಲ್ಲೇ ತೊಳೆಯುತ್ತೇವೆ.

ಈಗ ಅಜ್ಜಿಯ ಕಥೆ. ಅವಳು ಚಹಾವನ್ನು ಹೊಸ್ತಿಲ ಆಚೆಯಿಂದಲೇ ಕೊಡುವವಳು, ಒಳಗೆ ಕಾಲಿಟ್ಟವಳಲ್ಲ. ಮೇಲ್ವಿಚಾರಕರು ಕೆಣಕಿದರು: ‘ಏನಜ್ಜಿ, ಒಳಗೆ ಬಂದ್ರೆ ಹಿಡ್ಕೊಂಡ್ಬಿಡ್ತೀವಾ?’ ಅಜ್ಜಿ ಬಿಟ್ಟಾಳೆಯೇ, ‘ಹಿಡಿಯೋಕೆ ನಿಮಗೆಲ್ಲಿದೆ ಶಕ್ತಿ! ನನ್ನ ಗಂಡ ಇಲ್ಲಿ ಕಾವಲುಗಾರನಾಗಿದ್ದ. ಅವನೇ ಹೇಳಿದ್ದ, ಒಳಗೆ ಕಾಲಿಡಬೇಡ ಅಂತ’ ಎಂದಳು. ಗಣಿ ಮುಚ್ಚಿದಾಗ ಮದ್ದಿನ ಉಗ್ರಾಣ ಇದೇ ಶೆಡ್ಡಂತೆ. ತೇವ ಹಿಡಿದ ಪೆಟ್ಟಿಗೆಗಳನ್ನು ಗುಡ್ಡ ಇಳಿಸಲು ಉಗ್ರಾಣದವನಿಗೆ ಭಯ. ನೆಲ ತೋಡಿ, ಪೆಟ್ಟಿಗೆ ಇಳಿಸಿ, ಮೇಲೆ ಸಿಮೆಂಟು ಎಳೆದು, ಗಣಿಯ ಯಜಮಾನನಿಗೆ ‘ಎಲ್ಲಾ ಕಳಿಸಿದೆ’ ಅಂದನಂತೆ. ಗುಂಡಿಯಲ್ಲಿ ಹಿಡಿಸದೆ ಮಿಕ್ಕವನ್ನು ಗುಡ್ಡದ ಆಚೆ ಹೂತನಂತೆ.

ನಾವು ನಕ್ಕೆವು. ‘ಎಂಟು ತಿಂಗಳಿಂದ ಇದ್ರ ಮೇಲೇ ಊಟ ಮಾಡ್ತಿದೀವಿ, ಚಹಾ ಸುರಿದ್ರೂ ಢಂ ಅನ್ನಲಿಲ್ವಲ್ಲ’ ಎಂದ ಗಾಡಿಯವನು. ಮೂವರೂ ಕಾಲನ್ನು ಬೆಂಚಿನ ಮೇಲೆ ಎತ್ತಿಟ್ಟುಕೊಂಡದ್ದನ್ನು ಆಮೇಲೆ ಗಮನಿಸಿದೆ. ನಾಳೆ ಬೆಳಿಗ್ಗೆ ಹೊಳೆಯಾಚೆ ಒಮ್ಮೆ ಕಿವಿ ತೊಳೆದು ನೋಡೋಣ ಎಂದು ಮೇಲ್ವಿಚಾರಕರು ಹೇಳಿದ್ದಾರೆ. ಏನೂ ಇರಲಾರದು. ಇದ್ದರೆ ಇಷ್ಟು ದಿನ ಕಿವಿ ಸುಮ್ಮನಿರುತ್ತಿತ್ತೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ದಿಂಬು ಹಾಕಿಕೋ. ಅಮ್ಮನ ಆಶೀರ್ವಾದ ನಿನ್ನ ತಲೆಯ ಮೇಲಿದೆ, ನನ್ನದೂ.

ನಿನ್ನ ಅಕ್ಕ

ಮರೆತ ಮಾತು, ಬುಧವಾರ ಬೆಳಿಗ್ಗೆ: ಅಗೆಯಬೇಡ. ಹೊಳೆಯಾಚೆ ತೊಳೆದ ಕಿವಿಯನ್ನು ಶೆಡ್ಡಿನೊಳಗೆ ತಂದೆವು, ಕೂಗು ನಿಲ್ಲಿಸಲೇ ಇಲ್ಲ. ಇಷ್ಟು ದಿನ ಅದೇ ದನಿಯನ್ನು ಲೆಕ್ಕಕ್ಕಿಲ್ಲ ಎಂದು ಕಲಿಸಿದವರು ನಾವೇ. ನನ್ನ ಬಿಳಿ ಬಾವುಟ ಒಂದನ್ನೂ ನಂಬಬೇಡ. ಗುಡ್ಡದ ಆಚೆ ಅಂದರೆ ಎಲ್ಲಿ ಎಂದು ಅಜ್ಜಿಯನ್ನು ಕೇಳಿದೆ. ‘ಒಂಟಿ ಮರದ ಬುಡಕ್ಕೆ’ ಅಂದಳು. ಮೇಲ್ವಿಚಾರಕರು ಬರಿದಲೆಯಲ್ಲಿ ಬಿಸಿಲಿಗೆ ಓಡಿ ಹಿಂದಿನ ಸಾಲು ಮನೆಗಳ ಬಾಗಿಲು ಬಡಿಯುತ್ತಿದ್ದಾರೆ. ಗಾಡಿಯವನು ಅಮ್ಮನನ್ನು ಕೈಗಾಡಿಯಲ್ಲಿ ಕೂರಿಸಿದ್ದಾನೆ; ಅವಳು ನನ್ನ ಕೈ ಬಿಡುತ್ತಿಲ್ಲ, ಇಲ್ಲದಿದ್ದರೆ ನಾನೇ ಬರುತ್ತಿದ್ದೆ. ಟ್ಯಾಂಕರಿನವನಿಗೂ ಹೇಳಿದ್ದೇನೆ. ಆದರೆ ಹೋದ ತಿಂಗಳು ಹಾವು ಬಂತೆಂದು ನಿಮ್ಮನ್ನೆಲ್ಲ ಓಡಿಸಿ ನಕ್ಕವನು ಅವನೇ, ಅವನ ಮಾತು ನೀನು ನಂಬುವುದಿಲ್ಲ. ಈ ಕಾಗದವನ್ನೂ ಜೇಬಿಗೇ ಹಾಕುತ್ತೀ. ಅದಕ್ಕೆ ಮೂಲೆಯ ಆ ಕಟ್ಟು ಬಿಚ್ಚಿ, ಟ್ಯಾಂಕರಿನ ಮುಂದೆ, ಪಕ್ಕಕ್ಕೆ, ಮೇಲೆ, ಇದ್ದಬದ್ದ ಕೆಂಪು ಬಾವುಟವನ್ನೆಲ್ಲ ಕಟ್ಟಿ ಕಳಿಸುತ್ತಿದ್ದೇನೆ.