ಎರಡನೇ ಕಂಬದಿಂದ ಮೂರನೇ ಕಂಬಕ್ಕೆ

ಕೃಷ್ಣರಾಜನಗರ
೧೯೩೬ನೇ ಇಸವಿ ಮಾರ್ಚ್ ೧೦

ಪ್ರೀತಿಯ ಚಾಮುಂಡಮ್ಮ ಅತ್ತಿಗೆಗೆ, ಮೈದುನ ರುದ್ರಸ್ವಾಮಿಯ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಹೆಗ್ಗಡದೇವನಕೋಟೆ ಕಡೆ ಇನ್ನೂ ಬೆಳಗಿನ ಚಳಿ ಬಿಟ್ಟಿಲ್ಲವಂತೆ. ಹರಳೆಣ್ಣೆ ಕಾಯಿಸಿ ಹಚ್ಚಿಕೊಳ್ಳಿ, ಉದಾಸೀನ ಮಾಡಬೇಡಿ. ನನಗೂ ಐವತ್ತಾಯಿತು, ಮಾತು ಮಾತ್ರ ಕಡಿಮೆಯಾಗಿಲ್ಲ. "ಈ ಬಾಯ್ಗೊಂದ್ ಬೀಗ ತಂದ್ಕೊಳಿ" ಎಂದು ನನ್ನ ಹೆಂಡತಿ ಗೊಣಗುತ್ತಾಳೆ. ಅವ್ವನಿಗೆ ಕಣ್ಣು ಹೋಗಿದೆ, ಕಿವಿ ಚುರುಕು. ಸಂಜೆಯ ರೈಲು ಕೂಗಿದರೆ ಕೈಯಲ್ಲಿದ್ದ ತುತ್ತು ತಟ್ಟೆಗೆ ಇಳಿಯುತ್ತದೆ. ಆ ಸದ್ದು ಪೂರ್ತಿ ಅಡಗುವವರೆಗೂ ಈ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ.

ಅಂಕಯ್ಯಣ್ಣ ಹೋದಂದಿನಿಂದ ಹೀಗೇ. ನಿಮಗೆ ನೆನಪಿಸುವುದು ಬೇಡವೆಂದರೂ ಬೇರೆ ದಾರಿಯಿಲ್ಲ. ಹೊಳೆ ದಾಟುವಾಗ ಅರಿಸಿನ ಕುಂಕುಮವನ್ನು ಎಲೆಯಲ್ಲಿ ಕಟ್ಟಿ ಗಂಗಮ್ಮನಿಗೆ ಬಿಡುವುದು ನಮ್ಮ ಮನೆಯ ಪದ್ಧತಿ. ಹರಿಗೋಲಿನಿಂದ ಬಿಡುತ್ತಿದ್ದವರು ರೈಲು ಬಂದ ಮೇಲೆ ರೈಲಿನಿಂದ ಬಿಟ್ಟೆವು. ಬಿಟ್ಟ ಮೇಲೆ ನೋಡಬಾರದು, ಮುಖ ತಿರುಗಿಸಬೇಕು. ಅಕ್ಕಿಹೆಬ್ಬಾಳಿನ ಸೇತುವೆಯ ಮೇಲೆ ಅಣ್ಣ ಬಾಗಿಲು ತೆರೆದು ಬಗ್ಗಿದ, ಹಿಂದೆ ನೀವಿದ್ದಿರಿ, ಗಾಡಿ ಕುಲುಕಿತು. ಕೆಳಗೆ ಹರಿಗೋಲಿನ ಮುದ್ದಯ್ಯ ಕಂಡಂತೆ ಅಣ್ಣನ ಕೈ ತಪ್ಪಿದ್ದು ಎರಡನೇ ಕಂಬದ ಮೇಲೆ. ಹೆಣ ಬಿದ್ದಿದ್ದು ಮೂರನೇ ಕಂಬದ ಬುಡದ ಮರಳಲ್ಲಿ. "ಜಾರಿದ್ರೆ ನೆಟ್ಟಗೆ ಬೀಳ್ತಿದ್ರು ಕಣ್ರವ್ವ, ಅಷ್ಟ್ ಮುಂದಕ್ಕೆ ಎಂಗೋದ್ರು? ಯಾರೋ ನೂಕವ್ರೆ" ಎಂದ ಅವನು. "ಬೀಳಾಗಂಟ ನನ್ ಕಾಲ್ ಕೆಳ್ಗೇ ಇದ್ರು, ನನ್ನೇ ನೋಡ್ತಿದ್ರು" ಎಂದು ನೀವು ಅತ್ತಿರಿ. "ಓಡೋ ರೈಲ್ನಾಗೆ ನಿಂತೋಳ ಕಾಲ್ ಕೆಳ್ಗೆ ಎಂಗಿದ್ದಾನ್ಲೇ, ಸುಳ್ಳಿ!" ಎಂದಳು ಅವ್ವ. ಆ ಒಂದು ಮಾತಿಗೇ ನಿಮ್ಮನ್ನು ತವರಿನ ಗಾಡಿ ಹತ್ತಿಸಿಬಿಟ್ಟರು.

ಶಿವರಾತ್ರಿ ಕಳೆದ ಮೇಲೆ ಹೊಗೆಸೊಪ್ಪಿನ ವ್ಯಾಪಾರಕ್ಕೆ ಅದೇ ರೈಲಿನಲ್ಲಿ ಹೊರಟಿದ್ದೆ. ಸೇತುವೆಯ ಮೇಲೆ ಎಲೆಕಟ್ಟು ಬಿಟ್ಟೆ. ಏನಾಯಿತೋ, ಮುಖ ತಿರುಗಿಸುವುದನ್ನು ಮರೆತೆ. ಅತ್ತಿಗೆ, ಅದು ಹಿಂದೆ ಉಳಿಯಲಿಲ್ಲ! ದಾರ ಕಟ್ಟಿದ ಹಾಗೆ ನನ್ನ ಜೊತೆಯಲ್ಲೇ ಓಡಿಬರುತ್ತಾ, ನನ್ನ ಕಾಲ ಕೆಳಗೇ ಇಳಿಯುತ್ತಾ ಹೋಯಿತು. ಎಲೆಕಟ್ಟಿನ ಜಾಗದಲ್ಲಿ ಒಂದು ಮುಖ ಕಂಡಿತು.

ಮುಂದಿನ ಸಲ ಮುದ್ದಯ್ಯನನ್ನು ಮರಳಲ್ಲಿ ನಿಲ್ಲಿಸಿ, ಎರಡನೇ ಕಂಬದ ಮೇಲೆ ಬಿಟ್ಟೆ. ನೂಕಲಿಲ್ಲ, ಎಸೆಯಲಿಲ್ಲ, ಬೆರಳು ಸಡಿಲಿಸಿದೆ ಅಷ್ಟೆ. ಕುಂಕುಮ ಚೆಲ್ಲಿದ್ದು ಮೂರನೇ ಕಂಬದ ಬುಡದಲ್ಲಿ. ರೈಲು ಕೊಟ್ಟ ಓಟ ಕೈ ಬಿಟ್ಟ ಮಾತ್ರಕ್ಕೆ ಬಿಟ್ಟುಹೋಗುವುದಿಲ್ಲ. ಕೆಳಕ್ಕೆ ಬೀಳುವುದೇ ಒಂದು, ಮುಂದಕ್ಕೆ ಓಡುವುದೇ ಇನ್ನೊಂದು; ಎರಡೂ ಒಂದನ್ನೊಂದು ತಡೆಯದೆ ಒಟ್ಟಿಗೇ ನಡೆಯುತ್ತವೆ. ದಡದಲ್ಲಿ ನಿಂತವನಿಗೆ ಅದು ಮುಂದೆ ಹಾರಿದಂತೆ, ಬಾಗಿಲಲ್ಲಿ ನಿಂತವರಿಗೆ ನೆಟ್ಟಗೆ ಬಿದ್ದಂತೆ. ಮುದ್ದಯ್ಯ ಆ ಕೆಂಪಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, "ಅಯ್ಯೋ ನನ್ನಪ್ಪಾ, ಆ ತಾಯಿ ದಿಟವೇ ಯೋಳಿದ್ಲಲ್ಲ" ಎಂದು ಹಣೆ ಬಡಿದುಕೊಂಡ. ಅವನೇ ಮನೆಗೆ ಬಂದು ಅವ್ವನ ಮುಂದೆ ಹೇಳಿದ. ಸಂಜೆ ರೈಲು ಕೂಗಿದಾಗ ಅವ್ವ ಎದ್ದು, ಗೋಡೆ ತಡವುತ್ತಾ ಬಾಗಿಲಿಗೆ ಹೋಗಿ ನಿಂತಳು.

ನಿಮ್ಮ ಮನೆಯ ಹಿರಿಯರಿಗೆ ನನ್ನ ನಮಸ್ಕಾರ, ಮಕ್ಕಳೆಲ್ಲ ನೂರು ಕಾಲ ಬಾಳಲಿ.

ಇಂತಿ ನಿಮ್ಮ ಮೈದುನ,
ರುದ್ರಸ್ವಾಮಿ

ಮರೆತೆ. ಅಂಚೆಯವನು ಬಾಗಿಲಲ್ಲಿ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅಣ್ಣ ಬೀಳುತ್ತಾ ನಿಮ್ಮತ್ತ ಏನೋ ಅಂದನೆಂದು ಅವತ್ತು ನೀವು ಬಾಯಿ ತೆರೆದಿದ್ದಿರಿ, ಅವ್ವ ಮುಚ್ಚಿಸಿದಳು. ಆಮೇಲೆ ಯಾರೂ ಕೇಳಲಿಲ್ಲ. ನಿನ್ನೆಯಿಂದ ಅವಳು ಅನ್ನ ಮುಟ್ಟಿಲ್ಲ. "ನನ್ ಸೊಸೆ ಬರ್ಲಿ. ನನ್ ಮಗ ಏನಂದ ಅಂತ ಯೋಳ್ಲಿ, ಆಮ್ಯಾಕ್ ಉಣ್ತೀನಿ" ಎನ್ನುತ್ತಾಳೆ. ಗಾಡಿ ಕಳಿಸಿದ್ದೇನೆ.